ಅಂಬುಜಮ್ಮನವರೂ ಕೂಗುವ ಬಾಗಿಲೂ

“ಈ ಪೆಟ್ಟಿಗೆ ನಿಂತುಹೋದ್ರೆ ನನಗೇ ಗೊತ್ತಾಗತ್ತೋ, ಇಲ್ಲ ಯಾರಾದ್ರೂ ಬಂದು ಹೇಳ್ಬೇಕೋ?”

ಅಂಬುಜಮ್ಮ ಇದನ್ನು ಕೇಳಿದ್ದು ಯಾರನ್ನೂ ಅಲ್ಲ. ಅಡುಗೆಮನೆಯಲ್ಲಿ ಆಗ ಇದ್ದದ್ದು ಅವರೊಬ್ಬರೇ. ಎದುರಿಗೆ ಬಟ್ಟಲಲ್ಲಿ ನೆನೆಯುತ್ತಿದ್ದ ಹುಣಸೆಹಣ್ಣು, ಅಷ್ಟೆ. ಆಷಾಢದಲ್ಲಿ ಅವರ ಎಡ ಭುಜದ ಕೆಳಗೆ, ಚರ್ಮದ ಒಳಗೆ, ಡಾಕ್ಟರು ಒಂದು ಪೇಸ್‌ಮೇಕರ್ ಇಟ್ಟು ಹೊಲಿದಿದ್ದರು. ಎದೆಬಡಿತ ಸೋಮಾರಿಯಾದಾಗೆಲ್ಲ ಅದನ್ನು ತಟ್ಟಿ ಎಬ್ಬಿಸುವ ಪುಟ್ಟ ಪೆಟ್ಟಿಗೆ.

“ಅದಕ್ಕೆ ಎರಡು ರೀತಿ ಅರ್ಥ ಹೇಳಬಹುದು,” ಎಂದು ಹಜಾರದಿಂದ ಉತ್ತರ ಬಂತು.

ಯಾರನ್ನೂ ಕೇಳದ ಪ್ರಶ್ನೆಗೂ ಉತ್ತರ ಕೊಡುವುದು ಅವರ ಯಜಮಾನರು ನಂಜುಂಡಯ್ಯನವರ ಸ್ವಭಾವ. ವಿಮಾ ಕಚೇರಿಯಿಂದ ನಿವೃತ್ತರಾದ ಮೇಲೆ ಅದೇ ಕಸುಬೂ ಆಗಿತ್ತು. ಊರಿನ ಗಮಕ ಸಭೆಗಳಲ್ಲಿ ಒಬ್ಬರು ಕಾವ್ಯವನ್ನು ರಾಗವಾಗಿ ಓದಿದರೆ, ಪಕ್ಕದಲ್ಲಿ ಕೂತು ಅದರ ಅರ್ಥ ಬಿಡಿಸಿ ಹೇಳುವವರು ಇವರು. ಓದುವವರು ಒಂದು ಪದ್ಯ ಮುಗಿಸಿ, ನೀರು ಕುಡಿದು, ಶಾಲು ಸರಿಮಾಡಿಕೊಂಡು, ಸಭೆಯಲ್ಲಿರುವ ನೆಂಟರನ್ನೆಲ್ಲ ಒಬ್ಬೊಬ್ಬರಾಗಿ ಗುರುತು ಹಿಡಿದಾದರೂ ನಂಜುಂಡಯ್ಯನವರು ಇನ್ನೂ ಅದೇ ಪದ್ಯದ ಎರಡನೆಯ ಶಬ್ದದಲ್ಲಿರುತ್ತಿದ್ದರು.

ಗಮಕವೆಂದರೆ ಓದುವವರು, ಅರ್ಥ ಹೇಳುವವರು, ಇಬ್ಬರ ಕೆಲಸ ಎನ್ನುತ್ತಾರೆ. ಕೇಳುವವರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಂಬುಜಮ್ಮ ಕೇಳುವವರು. ಅಜ್ಜನ ತೊಡೆಯ ಮೇಲೆ ಷಟ್ಪದಿ ಕೇಳುತ್ತ ನಿದ್ದೆಹೋಗುತ್ತಿದ್ದ ಮಗು ಅದು. ಈಗಲೂ ಒಂದು ಒಳ್ಳೆಯ ವಾಚನ ಕಿವಿಗೆ ಬಿದ್ದರೆ ಅವರಿಗೆ ಮಂಗಳಾರತಿ ಕಣ್ಣಿಗೊತ್ತಿಕೊಂಡಷ್ಟು ಸಮಾಧಾನ.

ಶ್ರಾವಣದಲ್ಲಿ, ಆಪರೇಷನ್ ಆದಮೇಲೆ ಮೊದಲ ಸಲ ದೇವಸ್ಥಾನಕ್ಕೆ ಹೋದಾಗ ಒಂದು ಫಜೀತಿಯಾಯಿತು. ಮಹಾದ್ವಾರದ ಮುಂದೆ ಲೋಹ ಪತ್ತೆಮಾಡುವ ಚೌಕಟ್ಟು ನಿಲ್ಲಿಸಿದ್ದರು. ಎರಡು ಕಂಬ, ಮೇಲೊಂದು ಅಡ್ಡಪಟ್ಟಿ, ಕೆಳಗೆ ತಂತಿ ಮುಚ್ಚಲು ಉಬ್ಬಿದ ಒಂದು ಹಲಗೆ. ಅಂಬುಜಮ್ಮನವರ ಕಣ್ಣಿಗೆ ಅದು ಹೊಸ್ತಿಲು. ಹೊಸ್ತಿಲು ಕಂಡರೆ ನಿಂತು, ಬಗ್ಗಿ, ಮುಟ್ಟಿ, ಕೈಯನ್ನು ಕಣ್ಣಿಗೊತ್ತಿಕೊಳ್ಳದೆ ದಾಟಿ ಅವರಿಗೆ ಗೊತ್ತೇ ಇಲ್ಲ. ಅವರು ನಿಂತರು. ಎಡಭುಜವನ್ನು ಕಂಬಕ್ಕೆ ಆನಿಸಿ ಬಗ್ಗಿದರು. ಹಲಗೆ ಮುಟ್ಟಿದರು. ಚೌಕಟ್ಟು ಕಿಟಾರನೆ ಕಿರುಚಿತು.

“ಅಮ್ಮಾ, ಅಲ್ಲಿ ನಿಲ್ಬೇಡಿ, ಮುಂದಕ್ ಬನ್ನಿ!” ಎಂದು ಕಾವಲಿನವನು ಕೂಗಿದ. ಹಿಂದಿನವರು ತಳ್ಳಿದರು. ಗಾಬರಿಗೆ ಕಣ್ಣು ಕತ್ತಲೆ ಬಂದು ಅಂಬುಜಮ್ಮ ಅಲ್ಲೇ ಕೂತುಬಿಟ್ಟರು.

“ನೋಡಿದ್ಯಾ!” ಎಂದರು ನಂಜುಂಡಯ್ಯ. “ಮೆಷಿನ್ನು ಮೆಷಿನ್ನನ್ನ ಎಳೀತು. ಇನ್ನೊಂದು ಕ್ಷಣ ಆಗಿದ್ರೆ ನಿನ್ನ ಪೆಟ್ಟಿಗೆ ಬಂದ್!”

ಆಸ್ಪತ್ರೆಯವರು ಕೊಟ್ಟಿದ್ದ ಪೇಸ್‌ಮೇಕರ್ ಕಾರ್ಡನ್ನು ಜೇಬಿನಿಂದ ತೆಗೆದು ಕಾವಲಿನವನ ಮೂಗಿನ ಹತ್ತಿರ ಹಿಡಿದರು. “ಹಾರ್ಟ್ ಪೇಷೆಂಟು. ನಾನು ಸಹಾಯಕ.”

ಪಕ್ಕದ ಗೇಟು ತೆರೆಯಿತು. ಅಲ್ಲಿ ಕ್ಯೂ ಇರಲಿಲ್ಲ. ಗರ್ಭಗುಡಿಯ ಎದುರಿಗೇ ಎರಡು ಕುರ್ಚಿ ಹಾಕಿಸಿದರು. ಅರ್ಚಕರು ದೇವರ ಮೇಲಿನ ಹಾರ ತಂದು ಕೊರಳಿಗೆ ಹಾಕಿದರು. ಪೇಷೆಂಟಿಗಲ್ಲ, ಸಹಾಯಕರಿಗೆ.

ಅವತ್ತಿನಿಂದ ನಂಜುಂಡಯ್ಯನವರ ನಡಿಗೆಯೇ ಬದಲಾಯಿತು. ಅವರ ತಾತ ಅರಮನೆಯಲ್ಲಿ ಪುರಾಣ ಹೇಳುತ್ತಿದ್ದವರು. “ಕ್ಯೂ ಅಂದ್ರೆ ಏನು ಅಂತ ನಮ್ಮ ತಾತನಿಗೆ ಗೊತ್ತೇ ಇರಲಿಲ್ಲ ಕಣ್ರೀ,” ಎಂದು ರೇಷನ್ ಅಂಗಡಿ ಮುಂದಿನ ಸಾಲಿನಲ್ಲಿ ನಿಂತು ಹಿಂದುಮುಂದಿನವರಿಗೆಲ್ಲ ಹೇಳಿಕೊಂಡು ಅರ್ಧ ಆಯುಸ್ಸು ಕಳೆದವರು ಇವರು. ಈಗ ಹೆಂಡತಿಯ ಎದೆಯ ಮೂಲಕ ತಾತನ ಕಾಲ ವಾಪಸು ಬಂದಿತ್ತು. ಮಾಲು, ವಸ್ತುಪ್ರದರ್ಶನ, ದೊಡ್ಡವರ ಮನೆಯ ಮದುವೆ, ಎಲ್ಲಿ ಚೌಕಟ್ಟು ಇದೆಯೋ ಅಲ್ಲೆಲ್ಲ ಪಕ್ಕದ ಗೇಟು, ನಮಸ್ಕಾರ, ಕುರ್ಚಿ. ಕಾರ್ಡಿನ ವಾಸ ಅವರ ಅಂಗಿಯ ಜೇಬಿನಲ್ಲಿ.

“ಅಂಬೂ, ಒಬ್ಬಳೇ ಎಲ್ಲೂ ಹೊರಟುಬಿಡ್ಬೇಡ. ಆ ಬಾಗಿಲುಗಳು ಎಲ್ಲೆಲ್ಲಿ ಹೊಂಚು ಹಾಕಿರ್ತವೋ,” ಎನ್ನುತ್ತಿದ್ದರು.

ಅಂಬುಜಮ್ಮ ಹೊರಡಲೂ ಇಲ್ಲ. ನಿಜವಾಗಿ ಹೆದರಿದ್ದರು. ಆದರೆ ಒಂದು ನಷ್ಟವನ್ನು ಮಾತ್ರ ಸಹಿಸುವುದು ಕಷ್ಟವಾಗಿತ್ತು. ಮೊದಲೆಲ್ಲ ವಾಚನ ಸಭೆಗೆ ಹೋದರೆ ಅವರು ಎಡಗಡೆ ಜಮಖಾನದ ಮೇಲೆ, ಹೆಂಗಸರ ಸಾಲಿನಲ್ಲಿ, ಕೆಸರೆಯ ಶಿವನಂಜಮ್ಮನ ಪಕ್ಕ ಕೂರುತ್ತಿದ್ದರು. ಹಿಟ್ಟಿನ ಗಿರಣಿ ನಡೆಸುವ ಶಿವನಂಜಮ್ಮ ದಿನವಿಡೀ ಗಿರಣಿ ಸದ್ದಿನ ಮೇಲೆ ಕಿರುಚಿ ಮಾತಾಡುವ ಹೆಂಗಸು. ವಾಚನಕ್ಕೆ ಕೂತರೆ ಮಾತ್ರ ಕೆಮ್ಮುವುದೂ ಇಲ್ಲ. ಈಗ ಪಕ್ಕದ ಗೇಟಿನಿಂದ ಬಂದವರಿಗೆ ಮುಂದಿನ ಸೋಫಾ. ಸೋಫಾದಲ್ಲಿ ಪಕ್ಕಕ್ಕೆ ಸಹಾಯಕರು. ಸಹಾಯಕರ ಬಾಯಿ ಸರಿಯಾಗಿ ಅಂಬುಜಮ್ಮನ ಕಿವಿಯ ಮಟ್ಟಕ್ಕೆ.

“ಈಗ ಬರತ್ತೆ ನೋಡು, ಉಪಮೆ,” ಎನ್ನುತ್ತಿದ್ದರು, ಉಪಮೆ ಬರುವ ಮೊದಲೇ. ಬಂದಾಗ, “ಬಂತು ನೋಡು.” ಹೋದಮೇಲೆ, “ಹೋಯ್ತಲ್ಲ, ಅದು.”

ಗೌರಿಹಬ್ಬ ಕಳೆದ ಮೇಲೆ ಸುದ್ದಿ ಬಂತು. ಆಯುಧಪೂಜೆಯ ಸಂಜೆ ಬನ್ನಿಮಂಟಪದ ಕಡೆಯ ಸಭಾಭವನದಲ್ಲಿ ಗುರುಸಿದ್ದಯ್ಯನವರ ವಾಚನ, ದೇವಿಯ ಕಥೆ. ಇನ್ನು ಉಸಿರು ಸಾಲದು, ಇದೇ ಕಡೆಯದು ಎಂದು ಅವರೇ ಹೇಳಿದ್ದರಂತೆ. ಅಂಬುಜಮ್ಮ ಆ ಧ್ವನಿಯನ್ನು ಮೊದಲು ಕೇಳಿದ್ದು ಮದುವೆಯಾದ ವರ್ಷ. ಪದ್ಯದ ಕಡೆಯ ಸಾಲಿನಲ್ಲಿ ಅದು ಇಳಿಯುತ್ತ ಇಳಿಯುತ್ತ, ನಿಂತಿತು ಅನ್ನುವಷ್ಟರಲ್ಲಿ ಇನ್ನೂ ಒಂದು ಎಳೆ ಉಳಿದಿರುತ್ತಿತ್ತು. ಆ ಎಳೆಗಾಗಿ ಕಾಯುವುದೇ ಒಂದು ಧ್ಯಾನ. ಗುರುಸಿದ್ದಯ್ಯನವರು ಪಕ್ಕದಲ್ಲಿ ಅರ್ಥ ಹೇಳುವವರನ್ನು ಕೂರಿಸಿಕೊಳ್ಳುವುದೂ ಇಲ್ಲ.

“ಅವತ್ತೊಂದು ದಿನ ನಾನು ಹೆಂಗಸರ ಕಡೆ ಕೂತ್ಕೋತೀನಿ ಕಣ್ರೀ,” ಎಂದರು ಅಂಬುಜಮ್ಮ.

“ಹೇಗೆ ಕೂರ್ತೀಯ? ಮಂತ್ರಿಗಳು ಬರ್ತಾರೆ, ಬಾಗಿಲಿಗೆ ಆ ಚೌಕಟ್ಟು ಬರತ್ತೆ. ನಮಗೆ ಪಕ್ಕದ ಗೇಟೇ, ಸೋಫಾನೇ. ಅದೂ ಅಲ್ಲದೆ ಆ ಮನುಷ್ಯ ಅರ್ಥ ಹೇಳಿಸೋಲ್ಲ. ನಾನು ಪಕ್ಕದಲ್ಲಿಲ್ಲದಿದ್ರೆ ನಿನಗೆ ಏನು ತಿಳಿಯತ್ತೆ, ಪಾಪ?”

ಅಂಬುಜಮ್ಮ ಬತ್ತಿ ಹೊಸೆಯಲು ಕೂತರು. ಪೆಟ್ಟಿಗೆ ತನ್ನ ಪಾಡಿಗೆ ತಟ್ಟುತ್ತಿತ್ತು.

ನವರಾತ್ರಿಗೆ ಮುಂಚೆ ಆಸ್ಪತ್ರೆಯಲ್ಲಿ ತಪಾಸಣೆಯಿತ್ತು. ನಂಜುಂಡಯ್ಯನವರು ಹೊರಗೆ ಟೋಕನ್ ಕೊಡುವವನಿಗೆ ‘ಸರದಿ’ ಎಂಬುದರ ಬಗ್ಗೆ ಏನೋ ವಿವರಿಸುತ್ತ ಉಳಿದರು. ಒಳಗೆ ಡಾಕ್ಟರ್ ನಯನಾ ಪೆಟ್ಟಿಗೆ ಚೆನ್ನಾಗಿದೆ ಎಂದು ಹೇಳಿ, ಇನ್ನೇನಾದರೂ ತೊಂದರೆಯೇ ಎಂದು ಕೇಳಿದರು.

“ಬಾಗಿಲು ಕಂಡ್ರೆ ಭಯ ಆಗತ್ತಮ್ಮ.”

“ಯಾವ ಬಾಗಿಲು?”

“ಕೂಗೋ ಬಾಗಿಲು.”

ಡಾಕ್ಟರು ನಕ್ಕರು. “ಅದರಲ್ಲಿ ಧಾರಾಳವಾಗಿ ಹೋಗಬಹುದು. ಮಾಮೂಲಿ ಹೆಜ್ಜೆಯಲ್ಲಿ ಹೋಗಿಬಿಡಿ, ನಡುವೆ ನಿಲ್ಲಬೇಡಿ, ಕಂಬಕ್ಕೆ ಒರಗಬೇಡಿ. ಕೂಗಿದ್ರೆ ಕೂಗಲಿ. ಕಾರ್ಡು ತೋರಿಸಿ, ಕೈಯಲ್ಲೇ ತಪಾಸಣೆ ಮಾಡಿ ಅನ್ನಿ. ಆ ಕೈಮೆಷಿನ್ನು ಹಿಡಿಯೋದಾದ್ರೂ ಪೆಟ್ಟಿಗೆ ಮೇಲೆ ತುಂಬ ಹೊತ್ತು ಹಿಡೀಬೇಡಿ ಅಂತ ಹೇಳಿ. ಮುಗೀತು.”

“ಇಷ್ಟೇನಾ?”

“ಇಷ್ಟೇ. ಡಿಸ್ಚಾರ್ಜ್ ದಿನವೇ ನಿಮ್ಮ ಯಜಮಾನ್ರಿಗೆ ಎರಡು ಸಲ ಹೇಳಿದ್ನಲ್ಲ! ಬಹಳ ಗಮನ ಇಟ್ಟು ಕೇಳಿದ್ರು. ಇನ್ನೊಂದ್ಸಲ ಹೇಳಿ ಅಂತ ಅವರೇ ಹೇಳಿಸಿಕೊಂಡ್ರು.”

ಅಂಬುಜಮ್ಮ ಕೇಳುವವರಲ್ಲವೇ, ಕೇಳಿಸಿಕೊಂಡರು. ಆಮೇಲೆ, “ಮಿಕ್ಸಿ?” ಎಂದರು.

“ರುಬ್ಬಿ, ಅದಕ್ಕೇನು. ಎದೆಗೆ ಅಪ್ಪಿಕೊಂಡು ರುಬ್ಬಬೇಡಿ, ಅಷ್ಟೇ.”

ಹೊರಗೆ ಬಂದಾಗ ನಂಜುಂಡಯ್ಯ, “ಏನಂದ್ರು?” ಎಂದು ಕೇಳಿದರು.

“ನೀವು ಬಹಳ ಗಮನ ಇಟ್ಟು ಕೇಳೋರು ಅಂದ್ರು.”

“ಹೌದೇ!” ಎಂದು ಅವರು ಹಿಗ್ಗಿದರು.

ಮಾರನೆಯ ದಿನ ಬೆಳಿಗ್ಗೆ ಅಂಬುಜಮ್ಮ ಕಾಯಿತುರಿ, ಹುರಿಗಡಲೆ, ಮೆಣಸಿನಕಾಯಿಯನ್ನೆಲ್ಲ ಮಿಕ್ಸಿ ಜಾರಿಗೆ ಹಾಕಿ, ಅಡುಗೆಮನೆಯಿಂದ ದೂರ ಹೋಗಿ ತುಳಸಿಕಟ್ಟೆಯ ಹತ್ತಿರ ನಿಂತರು. “ರೀ, ಒಂಚೂರು ಬಂದು ಇದನ್ನ ತಿರುಗಿಸ್ತೀರಾ?”

“ಯಾಕೆ?”

“ಮೆಷಿನ್ನು ಮೆಷಿನ್ನನ್ನ ಎಳೆಯತ್ತೆ ಅಂತ ನೀವೇ ಅಂದ್ರಲ್ಲ.”

ನಂಜುಂಡಯ್ಯ ಬಾಯಿ ತೆರೆದರು. ಏನಾದರೂ ಅಂದರೆ ಪಕ್ಕದ ಗೇಟು ಮುಚ್ಚಿಹೋಗುತ್ತದೆ. ಬಾಯಿ ಮುಚ್ಚಿ ಚಟ್ನಿ ರುಬ್ಬಿದರು. ಅದಾದ ಮೇಲೆ ಬಟ್ಟೆ ಒಗೆಯುವ ಮೆಷಿನ್ನು. ಅದಾದ ಮೇಲೆ ಇಸ್ತ್ರಿಪೆಟ್ಟಿಗೆ. ದೋಸೆ ಹಿಟ್ಟು ರುಬ್ಬುವ ಗ್ರೈಂಡರಿನ ಮುಂದೆ ಅವರು ಕೂತಿದ್ದಾಗ ಅಂಬುಜಮ್ಮ ಬಾಗಿಲಾಚೆಯಿಂದಲೇ, “ಈಗ ನುಣ್ಣಗಾಗತ್ತೆ ನೋಡಿ,” ಎನ್ನುತ್ತಿದ್ದರು. ಆದಮೇಲೆ, “ಆಯ್ತು ನೋಡಿ.”

ಹಿಟ್ಟು ಕೊಡುವ ನೆಪದಲ್ಲಿ ಶಿವನಂಜಮ್ಮ ಬಂದಾಗ ಅಂಬುಜಮ್ಮ ಹಿತ್ತಲಿನಲ್ಲಿ ಎಲ್ಲ ಹೇಳಿದರು. ಶಿವನಂಜಮ್ಮನ ನಗು ಬೀದಿಗೆ ಕೇಳಿಸಿತು.

“ಅಂಗಾರೆ ಇನ್ನೇನ್ ಅಕ್ಕ? ನಡ್ಕಂಡ್ ವೋಗ್ಬುಡಿ.”

“ಹೋಗಬಹುದು ಕಣಮ್ಮ. ಆದ್ರೆ ಹೊಸ್ತಿಲು ಮುಟ್ಟದೆ ಹೇಗೆ ದಾಟೋದು? ಕಾಲು ತಾನಾಗೇ ನಿಂತುಬಿಡತ್ತೆ.”

“ಅದ್ ಯಾವ್ ಸೀಮೆ ಹೊಸ್ತಿಲು? ಕದ ಇಲ್ಲ, ಅಗುಳಿ ಇಲ್ಲ. ಅದಕ್ ಯಾವ್ ದೇವ್ರೈತೆ?”

“ದೇವರು ಇಲ್ಲದ ಬಾಗಿಲು ಅಂತ ಇರತ್ತೇನೆ?”

ಶಿವನಂಜಮ್ಮ ಹೋದಮೇಲೆ ಅಂಬುಜಮ್ಮ ಅಡುಗೆಮನೆಯ ಬಾಗಿಲಿನಲ್ಲಿ ಅಭ್ಯಾಸಕ್ಕೆ ಇಳಿದರು. ದೇವರಮನೆಯ ಬಾಗಿಲಿನಲ್ಲಿ ಅಂಥ ಪ್ರಯೋಗ ಮಾಡುವ ಧೈರ್ಯವಿರಲಿಲ್ಲ. ಹಜಾರದಿಂದ ಹೊರಟು, ಬಾಗಿಲ ಹತ್ತಿರ ಬಂದರೆ ಸಾಕು, ಬೆನ್ನು ಬಗ್ಗುತ್ತಿತ್ತು. ಮತ್ತೆ ಹೊರಟರೆ ಮತ್ತೆ ಬಗ್ಗುತ್ತಿತ್ತು.

“ಏನು ಮಾಡ್ತಿದೀಯ?” ಎಂದರು ನಂಜುಂಡಯ್ಯ, ಇಸ್ತ್ರಿ ಮಾಡುತ್ತ.

“ಡಾಕ್ಟರು ನಡೀಬೇಕು ಅಂದಿದಾರೆ.”

ಉಪಾಯ ಹೊಳೆದದ್ದು ಸಾರಿಗೆ ಒಗ್ಗರಣೆ ಹಾಕುವಾಗ. ಅಜ್ಜ ಪದ್ಯ ಹೇಳಿಕೊಡುವಾಗ ಒಂದು ಕಟ್ಟುನಿಟ್ಟಿತ್ತು: ಉಸಿರು ಬೇಕಾದರೆ ಸಾಲಿನ ತುದಿಯಲ್ಲಿ ತಗೋ, ಸಾಲಿನ ನಡುವೆ ನಿಲ್ಲಕೂಡದು. ನಿಂತರೆ ತಲೆಗೆ ಮೊಟಕುತ್ತಿದ್ದರು. ಅಂಬುಜಮ್ಮ ಹಜಾರದಲ್ಲಿ ನಿಂತು, ಮನಸ್ಸಿನಲ್ಲೇ ಷಟ್ಪದಿಯ ಮೂರನೆಯ ಸಾಲು, ಆರರಲ್ಲಿ ಉದ್ದನೆಯವೆರಡರಲ್ಲಿ ಮೊದಲನೆಯದು, ಅದನ್ನು ಎತ್ತಿಕೊಂಡರು. ಹೆಜ್ಜೆಯನ್ನು ಅದರ ಲಯಕ್ಕೆ ಬಿಟ್ಟರು. ಸಾಲು ಮುಗಿಯುವಾಗ ಅವರು ಒಲೆಯ ಮುಂದಿದ್ದರು. ಬಾಗಿಲು ಯಾವಾಗಲೋ ಹಿಂದೆ ಹೋಗಿತ್ತು. ಅಜ್ಜನ ಮೊಟಕಿನ ಭಯ ದೇವರ ಭಯಕ್ಕಿಂತ ಒಂದು ಕೈ ಮೇಲಿತ್ತು.

ಆಯುಧಪೂಜೆಯ ದಿನ ನಂಜುಂಡಯ್ಯನವರು ಸ್ಕೂಟರು ತೊಳೆದು ಚೆಂಡುಹೂವಿನ ಹಾರ ಹಾಕಿದರು. ಚಕ್ರಕ್ಕೆ ನಿಂಬೆಹಣ್ಣಿಟ್ಟರು. ಈಚೆಗೆ ಆಪ್ತವಾಗಿದ್ದ ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳಿಗೂ ಮನಸಾರೆ ಕುಂಕುಮವಿಟ್ಟರು. ಅಂಬುಜಮ್ಮ ಕನ್ನಡಿಯ ಮುಂದೆ ನಿಂತು ಎಡಭುಜದ ಕೆಳಗಿನ ಉಬ್ಬಿಗೆ ಒಂದು ಸಣ್ಣ ಬೊಟ್ಟಿಟ್ಟು, “ನೀನೂ ಒಂದು ಆಯುಧವೇ ಕಣಪ್ಪ,” ಎಂದರು. ಅನಂತರ ಗೂಟದಲ್ಲಿದ್ದ ಯಜಮಾನರ ಹೊಸ ಅಂಗಿಯ ಜೇಬಿನಿಂದ ಕಾರ್ಡು ತೆಗೆದು ತಮ್ಮ ಕೈಚೀಲಕ್ಕೆ ಹಾಕಿಕೊಂಡರು. ಜೇಬು ಹಗುರವಾದದ್ದು ತಿಳಿಯದಿರಲೆಂದು ಅಲ್ಲಿ ಒಂದು ಪೊಟ್ಟಣ ಹುರಿಗಡಲೆ ಇಟ್ಟರು.

ಸಭಾಭವನದ ಮುಂದೆ ಜನ ನೆರೆದಿತ್ತು. ಗಂಡಸರ ಸಾಲು ರಸ್ತೆಯ ತಿರುವಿನವರೆಗೆ.

“ನೀನು ಪಕ್ಕದ ಗೇಟಿನ ಹತ್ರ ನಿಂತಿರು, ಸ್ಕೂಟರ್ ನಿಲ್ಲಿಸಿ ಬರ್ತೀನಿ,” ಎಂದು ನಂಜುಂಡಯ್ಯ ಹೋದರು.

ಅಂಬುಜಮ್ಮ ನೆಟ್ಟಗೆ ಹೆಂಗಸರ ಸಾಲಿಗೆ ಬಂದರು. ಶಿವನಂಜಮ್ಮ ಮುಂದುಗಡೆಯೇ ಜಾಗ ಹಿಡಿದಿದ್ದಳು. ಅಲ್ಲಿಂದ ಚೌಕಟ್ಟು ಕಂಡಿತು.

ಆಯುಧಪೂಜೆ ಅಲ್ಲವೇ, ಪೊಲೀಸರು ಅದಕ್ಕೂ ಪೂಜೆ ಮಾಡಿದ್ದರು. ಎರಡು ಕಂಬಕ್ಕೆ ಎರಡು ಬಾಳೆಕಂದು. ಅಡ್ಡಪಟ್ಟಿಗೆ ಮಾವಿನ ತೋರಣ, ವಿಭೂತಿ. ಕೆಳಗಿನ ಹಲಗೆಗೆ ಅರಿಶಿನ ಬಳಿದು, ಕುಂಕುಮವಿಟ್ಟು, ಹೂವಿನ ಸಾಲು. ಪಕ್ಕದಲ್ಲಿ ಒಡೆದ ಬೂದುಗುಂಬಳ. ಅದಕ್ಕಿಂತ ಲಕ್ಷಣವಾದ ಹೊಸ್ತಿಲನ್ನು ಅಂಬುಜಮ್ಮ ಈಚೆಗೆ ನೋಡಿರಲಿಲ್ಲ.

ಮುಂದಿದ್ದ ಹೆಂಗಸರೆಲ್ಲ ಒಬ್ಬರ ಹಿಂದೊಬ್ಬರು ನಿಂತು, ಬಗ್ಗಿ, ಮುಟ್ಟಿ ದಾಟುತ್ತಿದ್ದರು. ಬಳೆ, ಸರ, ಕಾಲುಂಗುರ, ಎಲ್ಲಕ್ಕೂ ಅದು ಕಿರುಚುತ್ತಿತ್ತು. ಕಾವಲಿಗಿದ್ದ ಪೊಲೀಸ್ ಹುಡುಗಿ ಬಿಂದುಶ್ರೀಗೆ ಸಾಕಾಗಿಹೋಗಿತ್ತು. “ಅಮ್ಮಾ, ಅದು ದೇವ್ರಲ್ಲ, ಮೆಷಿನ್ನು! ಮುಟ್ಬೇಡಿ!”

“ಪೂಜೆ ಮಾಡಿರೋಳು ನೀನೇ ತಾನೆ?” ಎಂದಳು ಒಬ್ಬ ಮುದುಕಿ. ಬಿಂದುಶ್ರೀ ಬೇರೆ ಕಡೆ ನೋಡಿದಳು.

“ಅಕ್ಕಾ,” ಎಂದು ಶಿವನಂಜಮ್ಮ ಕಿವಿಯಲ್ಲಿ ಪಿಸುಗುಟ್ಟಿದಳು, “ಬಗ್ಗಿದ್ರೋ, ಕೆಟ್ರಿ.”

ಅಂಬುಜಮ್ಮನ ಬಲಗೈ ಆಗಲೇ ಹಲಗೆಯ ಕಡೆಗೆ ತುಡಿಯುತ್ತಿತ್ತು. ಬೆನ್ನು ಬಗ್ಗಲು ಹೊರಟಿತ್ತು. ಅವರು ಅದನ್ನು ಅಲ್ಲಿಯೇ, ಚೌಕಟ್ಟಿನಿಂದ ಈಚೆಗೇ ತಡೆದು, ಎರಡೂ ಕೈ ಜೋಡಿಸಿದರು. “ತಾಯಿ, ನನ್ನ ನಮಸ್ಕಾರ ಇಲ್ಲಿಂದಲೇ ತಗೋ. ಒಳಗೆ ನಿನ್ನ ಕಥೆ ಕೇಳೋದಿದೆ.” ಕಣ್ಣು ಬಿಟ್ಟು, ಮನಸ್ಸಿನಲ್ಲಿ ಆ ಉದ್ದನೆಯ ಸಾಲನ್ನು ಎತ್ತಿಕೊಂಡು, ಹೊರಟರು.

“ಅಂಬೂ!” ಎಂಬ ಕೂಗು ಹಿಂದಿನಿಂದ ಬಂತು. “ಅಂಬೂ! ನಿಲ್ಲು! ಅಲ್ಲೇ ನಿಲ್ಲು!”

ಡಾಕ್ಟರು ಮಾಡಬೇಡಿ ಅಂದದ್ದು ಯಾವುದೋ, ಸರಿಯಾಗಿ ಅದನ್ನೇ ಮಾಡಲು ಹೇಳುತ್ತಿದ್ದರು ನಂಜುಂಡಯ್ಯನವರು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಂಬುಜಮ್ಮ ತಿರುಗಲಿಲ್ಲ. ಬಾಳೆಯೆಲೆ ಕೆನ್ನೆಗೆ ತಾಗಿತು. ಚೌಕಟ್ಟು ಕಿಟಾರನೆ ಕಿರುಚಿತು. ಅವರು ಪದ್ಯದ ಸಾಲಿನ ನಡುವೆ ಇದ್ದರು, ನಿಲ್ಲುವ ಹಾಗಿರಲಿಲ್ಲ. ಸಾಲು ಮುಗಿದು ಉಸಿರು ತೆಗೆದುಕೊಂಡಾಗ ಎದುರಿಗೆ ಬಿಂದುಶ್ರೀ ಕೈಮೆಷಿನ್ನು ಹಿಡಿದು ನಿಂತಿದ್ದಳು.

ಪೆಟ್ಟಿಗೆ ಏನೂ ಆಗದ ಹಾಗೆ ತನ್ನ ತಾಳ ಹಾಕುತ್ತಲೇ ಇತ್ತು.

“ಪೇಸ್‌ಮೇಕರ್ ಇದೆ ಮಗಳೇ,” ಎಂದು ಕಾರ್ಡು ತೋರಿಸಿದರು. “ಇಲ್ಲಿ ಅದನ್ನ ಹಿಡೀಬೇಡ. ಕೈಯಲ್ಲೇ ನೋಡಮ್ಮ.”

ಬಿಂದುಶ್ರೀ ಕಾರ್ಡು ನೋಡಿದಳು, ಕೈಯಲ್ಲೇ ತಡವಿ ನೋಡಿದಳು, ಕೈಚೀಲ ತೆಗೆಸಿದಳು. “ಆಯ್ತಜ್ಜಿ, ಹೋಗಿ. ಇಷ್ಟೊತ್ತಿಂದ ಬಗ್ಗದೆ ಬಂದೋರು ನೀವೊಬ್ರೇ,” ಎಂದಳು.

ನಂಜುಂಡಯ್ಯನವರು ಈ ಹೊತ್ತಿಗೆ ಪಕ್ಕದ ಗೇಟಿಗೆ ಓಡಿದ್ದರು. ಅಲ್ಲಿ ಸಭೆಯ ಕಾರ್ಯಕರ್ತ ಸಿದ್ದೇಶ್ ನಿಂತಿದ್ದ.

“ನಾನು ಸಹಾಯಕ.”

“ಪೇಷೆಂಟ್ ಎಲ್ಲಿ ಸಾರ್?”

“ಒಳಗೆ ಹೋದ್ಲು.”

“ಹೆಂಗೆ ಹೋದ್ರು?”

“ನಡ್ಕೊಂಡು.”

“ಪೇಷೆಂಟೇ ನಡ್ಕೊಂಡು ಹೋದಮೇಲೆ ಸಹಾಯಕರು ಯಾತಕ್ಕೆ ಸಾರ್? ಕಾರ್ಡಿದ್ರೆ ತೋರ್ಸಿ.”

ನಂಜುಂಡಯ್ಯ ಜೇಬಿಗೆ ಕೈ ಹಾಕಿ, ಪೊಟ್ಟಣ ತೆಗೆದು, ನೋಡದೆಯೇ ಸಿದ್ದೇಶನ ಮೂಗಿನ ಹತ್ತಿರ ಹಿಡಿದರು. ಸಿದ್ದೇಶ್ ಎರಡು ಹುರಿಗಡಲೆ ತೆಗೆದು ಬಾಯಿಗೆ ಹಾಕಿಕೊಂಡು, “ಕ್ಯೂ ಆ ಕಡೆ ಸಾರ್,” ಎಂದ.

ಅಂಗಳಕ್ಕೂ ರಸ್ತೆಗೂ ನಡುವೆ ಬಿದಿರಿನ ತಡಿಕೆ ಕಟ್ಟಿದ್ದರು. ನಂಜುಂಡಯ್ಯನವರು ತಡಿಕೆಯುದ್ದಕ್ಕೂ ಹುಡುಕುತ್ತ ಬಂದು, ಚಪ್ಪಲಿ ಬಿಡುತ್ತಿದ್ದ ಹೆಂಡತಿಯನ್ನು ಕಂಡು ಬೆರಳು ತೂರಿಸಿದರು.

“ಅಂಬೂ! ಏನೂ ಆಗ್ಲಿಲ್ವಾ?”

“ಏನಾಗ್ಬೇಕಿತ್ತು?”

“ಅಲ್ಲ, ಅದು, ಮೆಷಿನ್ನು ಮೆಷಿನ್ನನ್ನ…”

“ಡಿಸ್ಚಾರ್ಜ್ ದಿನವೇ ಡಾಕ್ಟರಮ್ಮ ನಿಮಗೆ ಎರಡು ಸಲ ಹೇಳಿದ್ರಂತೆ,” ಎಂದರು ಅಂಬುಜಮ್ಮ. “ಎರಡನೇ ಸಲ ನೀವೇ ಹೇಳಿಸಿಕೊಂಡ್ರಂತೆ.”

“ಅದಕ್ಕೆ ಎರಡು ರೀತಿ…” ಎಂದು ಶುರುಮಾಡಿದ ನಂಜುಂಡಯ್ಯನವರಿಗೆ ಮುಂದೆ ಒಂದು ರೀತಿಯೂ ಸಿಗಲಿಲ್ಲ.

ಒಳಗೆ ತಂಬೂರಿಯ ಶ್ರುತಿ ಶುರುವಾಯಿತು. ಅದರ ಮೇಲೆ, ತುಂಬ ಸಣ್ಣಗೆ, ಗುರುಸಿದ್ದಯ್ಯನವರು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಜಮಖಾನದ ಮೇಲೆ ಶಿವನಂಜಮ್ಮ ತನ್ನ ಸೆರಗು ಹಾಸಿ ಜಾಗ ಹಿಡಿದು ಕೈಬೀಸುತ್ತಿದ್ದಳು.

“ಅಂಬೂ, ಕ್ಯೂ ತಿರುವಿನಿಂದಾಚೆಗಿದೆ ಕಣೆ. ನಾನು ಒಳಗೆ ಬರೋಷ್ಟರಲ್ಲಿ ಅರ್ಧ ಕಥೆ ಆಗಿರತ್ತೆ. ಆ ಕಾರ್ಡು ಇತ್ಲಾಗೆ ಕೊಡು. ಇಲ್ಲ, ಇವರು ನನ್ನ ಸಹಾಯಕರು ಅಂತ ಆ ಹುಡುಗನಿಗೆ ಒಂದೇ ಒಂದು ಮಾತು ಹೇಳು. ಸ್ವಲ್ಪಾನೂ ಮಾತಾಡಲ್ಲ, ತಾತನಾಣೆ. ಒಂದು ಉಪಮೆ ಬಂದ್ರೂ ಸುಮ್ನಿರ್ತೀನಿ. ಕೊಡೇ.”

ಅಂಬುಜಮ್ಮ ಕೈಚೀಲದ ಬಾಯಿ ಎಳೆದು ಕಟ್ಟಿದರು.

“ಕೊಡಲ್ಲ,” ಎಂದರು.